ಅರಳು ಮರಳಲ್ಲ, ಇದು ಸನ್ನಿ

ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಆಗಸ್ಟ್ ತಿಂಗಳ ಮೊದಲ ಬುಧವಾರ ಬಂತೆಂದರೆ ಕಾರಿಡಾರುಗಳ ತುಂಬ ಹೊಸ ಮುಖಗಳು. ಮೆಡಿಕಲ್ ಕಾಲೇಜು ಮುಗಿಸಿದ ಹುಡುಗ ಹುಡುಗಿಯರು ಅಂದು ಮೊದಲ ಬಾರಿಗೆ ಡಾಕ್ಟರ್ ಎಂಬ ಬ್ಯಾಡ್ಜ್ ತಗುಲಿಸಿಕೊಂಡು ವಾರ್ಡಿಗೆ ಬರುತ್ತಾರೆ. ಮೊನ್ನೆ ಮೊನ್ನೆಯವರೆಗೂ ಇವರನ್ನು ಜೂನಿಯರ್ ಡಾಕ್ಟರ್ ಎನ್ನುತ್ತಿದ್ದೆವು. 2024ರ ಸೆಪ್ಟೆಂಬರಿನಿಂದ ರೆಸಿಡೆಂಟ್ ಡಾಕ್ಟರ್ ಎಂದು ಹೆಸರು ಬದಲಾಗಿದೆ. ಹೆಸರು ಬದಲಾದರೂ ಮೊದಲ ದಿನದ ಅವರ ಮುಖದ ಗಾಬರಿ ಬದಲಾಗಿಲ್ಲ.

ನಾನು ವೃದ್ಧರ ವಾರ್ಡಿನ ವೈದ್ಯ. ಈ ಹೊಸಬರಿಗೆ ಮೊದಲ ವಾರದಲ್ಲೇ ಒಂದು ಪಾಠ ಹೇಳುವುದು ಬಹಳ ವರ್ಷಗಳಿಂದ ನಡೆದುಬಂದ ಪದ್ಧತಿ. ಹೃದಯಾಘಾತ ಗುರುತಿಸುವುದು, ಲಕ್ವ ಗುರುತಿಸುವುದು ಅವರಿಗೆ ಗೊತ್ತೇ ಇರುತ್ತದೆ. ನಾನು ಹೇಳುವುದು ಡೆಲಿರಿಯಮ್ ಬಗ್ಗೆ. ಈ ಸ್ಮರಣ ಸಂಚಿಕೆಗೆ ಆರೋಗ್ಯದ ಬಗ್ಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ, ಸಕ್ಕರೆ ಕಾಯಿಲೆ, ರಕ್ತದೊತ್ತಡದ ಬಗ್ಗೆ ನೀವೆಲ್ಲ ಸಾಕಷ್ಟು ಓದಿದ್ದೀರಿ, ಆ ಹುಡುಗರಿಗೆ ಹೇಳುವ ಪಾಠವನ್ನೇ ನಿಮಗೂ ಹೇಳೋಣ ಅನ್ನಿಸಿತು. ಆ ಪಾಠದಲ್ಲಿ ಅರ್ಧ ಪಾಲು ನಿಮ್ಮದು. ಅದು ಹೇಗೆಂದು ಮುಂದೆ ಹೇಳುತ್ತೇನೆ.

ಡೆಲಿರಿಯಮ್ ಅಂದರೆ ಹೊಸ ಕಾಯಿಲೆಯೇನಲ್ಲ. ನಮ್ಮ ಅಜ್ಜಿಯಂದಿರು ಅದಕ್ಕೆ ಸನ್ನಿ ಅನ್ನುತ್ತಿದ್ದರು. ಜ್ವರ ತಲೆಗೇರಿ ಸನ್ನಿ ಹಿಡಿಯಿತು, ಏನೇನೋ ಬಡಬಡಿಸುತ್ತಿದ್ದಾನೆ ಎನ್ನುವ ಮಾತನ್ನು ನೀವು ಕೇಳಿರಬಹುದು. ಆಯುರ್ವೇದದ ಸನ್ನಿಪಾತದಿಂದ ಬಂದ ಮಾತು ಅದು. ವಾತ ಪಿತ್ತ ಕಫ ಮೂರೂ ಒಟ್ಟಿಗೆ ಕೆರಳಿದ ಸ್ಥಿತಿ. ಲ್ಯಾಟಿನ್ ಭಾಷೆಯಲ್ಲಿ ಡೆಲಿರಿಯಮ್ ಶಬ್ದದ ಮೂಲ ಇನ್ನೂ ಸೊಗಸಾಗಿದೆ: ಉಳುವ ನೇಗಿಲು ಸಾಲು ಬಿಟ್ಟು ಹೋಗುವುದು. ನೇಗಿಲೂ ಅದೇ, ಎತ್ತೂ ಅದೇ, ಸಾಲು ಮಾತ್ರ ತಪ್ಪಿದೆ. ರೈತರ ಮನೆಯಿಂದ ಬಂದವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ.

ತೊಂದರೆ ಏನೆಂದರೆ, ಸನ್ನಿ ಎಂಬ ಒಳ್ಳೆಯ ಪದವನ್ನು ನಾವು ಮರೆತು, ಅರವತ್ತಕ್ಕೆ ಅರಳು ಮರಳು ಎಂಬ ಇನ್ನೊಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೇವೆ. ಎರಡೂ ಬೇರೆ ಬೇರೆ. ಅರಳು ಮರಳು, ಅಂದರೆ ಇಂದು ಡಿಮೆನ್ಷಿಯಾ ಎನ್ನುವುದು, ತಿಂಗಳು ವರ್ಷಗಳಲ್ಲಿ ನಿಧಾನವಾಗಿ ಬರುತ್ತದೆ. ಸನ್ನಿ ಬರುವುದು ಗಂಟೆಗಳಲ್ಲಿ, ಹೆಚ್ಚೆಂದರೆ ಒಂದೆರಡು ದಿನಗಳಲ್ಲಿ. ಬೆಳಿಗ್ಗೆ ಸರಿ ಇದ್ದವರು ಸಂಜೆಗೆ ಬೇರೆಯೇ ಮನುಷ್ಯರಾಗಿರುತ್ತಾರೆ, ರಾತ್ರಿ ಇನ್ನೂ ಹೆಚ್ಚು, ಮರುದಿನ ಡಾಕ್ಟರ್ ಬಂದಾಗ ಮತ್ತೆ ಸರಿ. ಒಂದು ವಿಷಯದ ಮೇಲೆ ಮನಸ್ಸು ನಿಲ್ಲುವುದಿಲ್ಲ. ಮೆದುಳಿಗೆ ಹೊರಗಿನಿಂದ ಏನೋ ಪೆಟ್ಟು ಬಿದ್ದಿದೆ ಎಂಬುದರ ಸೂಚನೆ ಅದು. ನ್ಯುಮೋನಿಯಾ ಇರಬಹುದು, ರಕ್ತದಲ್ಲಿ ಸೋಡಿಯಂ ಇಳಿದಿರಬಹುದು, ಯಾವುದೋ ಮಾತ್ರೆ ಒಗ್ಗದೆ ಇರಬಹುದು. ಅರಳು ಮರಳು ಇದ್ದವರಿಗೂ ಅದರ ಮೇಲೆ ಸನ್ನಿ ಬರಬಹುದು, ನಿಜವಾಗಿ ಅವರಿಗೇ ಬೇಗ ಬರುತ್ತದೆ. ಆಸ್ಪತ್ರೆಗೆ ದಾಖಲಾದ ವೃದ್ಧರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಇದು ಇರುತ್ತದೆ. ಸೊಂಟದ ಮೂಳೆ ಮುರಿದು ಬಂದವರಲ್ಲಿ ಇನ್ನೂ ಹೆಚ್ಚು.

ಇಷ್ಟು ಸಾಮಾನ್ಯವಾದದ್ದನ್ನು ಡಾಕ್ಟರುಗಳು ಹೇಗೆ ಗುರುತಿಸದೆ ಬಿಡುತ್ತಾರೆ ಎಂದು ನೀವು ಕೇಳಬಹುದು. ನಾನೇ ಬಿಟ್ಟವನು. ಈ ದೇಶಕ್ಕೆ ಬಂದ ಮೊದಲ ವರ್ಷಗಳ ಮಾತು. ಒಂದು ಊರಿನ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ. ರೈಲ್ವೆಯಲ್ಲಿ ದುಡಿದು ನಿವೃತ್ತರಾದ ಒಬ್ಬ ಹಿರಿಯರು ಬಿದ್ದು ಬಂದಿದ್ದರು. ಮೂಳೆ ಮುರಿದಿರಲಿಲ್ಲ. ಕೂಗಾಟವಿಲ್ಲ, ಗಲಾಟೆಯಿಲ್ಲ, ಕಣ್ಣು ಮುಚ್ಚಿ ಮಲಗಿದ್ದರು. ಕೇಳಿದ್ದಕ್ಕೆ ಹೂಂ ಅನ್ನುತ್ತಿದ್ದರು. ಅವರ ಹೆಂಡತಿ ನನ್ನ ಹಿಂದೆಯೇ ಕಾರಿಡಾರಿನವರೆಗೆ ಬಂದು, ಇವರು ಹೀಗಿಲ್ಲ ಡಾಕ್ಟರೇ, ಏನೋ ಸರಿಯಿಲ್ಲ, ಅಂದರು. ವಯಸ್ಸಾಗಿದೆ, ಸುಸ್ತಾಗಿದೆ, ಬೆಳಿಗ್ಗೆಗೆ ಸರಿಹೋಗುತ್ತಾರೆ ಎಂದು ಸಮಾಧಾನ ಹೇಳಿ ಕಳಿಸಿದೆ. ಕೇಸ್ ಶೀಟಿನಲ್ಲಿ ನೆಮ್ಮದಿಯಾಗಿ ನಿದ್ರಿಸುತ್ತಿದ್ದಾರೆ ಎಂದು ಬರೆದೆ. ಬೆಳಿಗ್ಗೆ ಎಕ್ಸ್‌ರೇ ನೋಡಿದಾಗ ಒಂದು ಕಡೆಯ ಶ್ವಾಸಕೋಶದ ಕೆಳಭಾಗವೆಲ್ಲ ಬಿಳಿ. ಮೂರನೆಯ ದಿನ ತೀರಿಕೊಂಡರು. ಅಂದು ರಾತ್ರಿಯೇ ಔಷಧಿ ಶುರುವಾಗಿದ್ದರೆ ಉಳಿಯುತ್ತಿದ್ದರೇ? ಹೇಳಲಾರೆ. ಆದರೆ ರೋಗವನ್ನು ಆ ಹೆಂಗಸು ಕಂಡುಹಿಡಿದಿದ್ದರು, ನಾನು ಕಂಡುಹಿಡಿಯಲಿಲ್ಲ. ಪ್ರತಿ ಆಗಸ್ಟಿನಲ್ಲೂ ಈ ಕಥೆಯಿಂದಲೇ ಪಾಠ ಶುರುಮಾಡುತ್ತೇನೆ.

ಸನ್ನಿಯಲ್ಲಿ ಎರಡು ಬಗೆ ಎಂದು ಸದ್ಯಕ್ಕೆ ಇಟ್ಟುಕೊಳ್ಳಿ. ಒಂದು ಆರ್ಭಟದ ಸನ್ನಿ: ಸೂಜಿ ಕಿತ್ತುಹಾಕುವುದು, ಮಂಚದಿಂದ ಇಳಿಯುವುದು, ಗೋಡೆಯ ಮೇಲೆ ಇರುವೆ ಹರಿಯುತ್ತಿದೆ ಎನ್ನುವುದು. ಇದನ್ನು ಯಾರೂ ಬಿಡುವುದಿಲ್ಲ, ನರ್ಸ್ ಹತ್ತು ಸಲ ಫೋನ್ ಮಾಡುತ್ತಾರೆ. ಇನ್ನೊಂದು ಮೌನ ಸನ್ನಿ. ರೋಗಿ ಮಂಕಾಗಿ ಮಲಗಿರುತ್ತಾರೆ, ಯಾರಿಗೂ ತೊಂದರೆ ಕೊಡುವುದಿಲ್ಲ. ಗದ್ದಲದ ವಾರ್ಡಿನಲ್ಲಿ ಇಂಥವರು ಒಳ್ಳೆಯ ಪೇಷೆಂಟ್ ಎನ್ನಿಸಿಕೊಳ್ಳುತ್ತಾರೆ. ಹೆಚ್ಚಾಗಿ ಗುರುತಿಸದೆ ಬಿಟ್ಟುಹೋಗುವುದು ಇದೇ, ಅಪಾಯವೂ ಇದರಲ್ಲೇ ಹೆಚ್ಚು.

ಗುರುತಿಸಲು ಸಾಧನಗಳಿವೆ. 1990ರಲ್ಲಿ ಅಮೆರಿಕದ ಶಾರನ್ ಇನೂಯೆ ಎಂಬ ವೈದ್ಯೆ ಮತ್ತು ಸಂಗಡಿಗರು ನಾಲ್ಕು ಲಕ್ಷಣಗಳ ಒಂದು ವಿಧಾನವನ್ನು ಕೊಟ್ಟರು. ಇಲ್ಲಿ ಈಗ ನಾವು ಬಳಸುವುದು 4ಎಟಿ ಎಂಬ ಪರೀಕ್ಷೆ. ಎಡಿನ್‌ಬರೋದ ಪ್ರೊಫೆಸರ್ ಅಲಸ್ಡೇರ್ ಮ್ಯಾಕ್ಲಲಿಚ್ ಮತ್ತು ಸಹೋದ್ಯೋಗಿಗಳು ರೂಪಿಸಿ, 2011ರಲ್ಲಿ ಎಲ್ಲರಿಗೂ ಉಚಿತವಾಗಿ ಕೊಟ್ಟದ್ದು. ಎರಡೇ ನಿಮಿಷದ ಕೆಲಸ. ಇಂಗ್ಲೆಂಡಿನ ನೈಸ್ ಸಂಸ್ಥೆ 2010ರಲ್ಲಿ ಹೊರತಂದ ಡೆಲಿರಿಯಮ್ ಮಾರ್ಗಸೂಚಿಯನ್ನು 2023ರಲ್ಲಿ ಪರಿಷ್ಕರಿಸಿದಾಗ ಇದನ್ನೇ ಬಳಸಿರೆಂದು ಹೇಳಿತು.

ಅದರಲ್ಲಿ ನಾಲ್ಕು ಭಾಗ. ಮೊದಲನೆಯದು ಎಚ್ಚರ. ಮಲಗಿದ್ದರೆ ಎಬ್ಬಿಸಿ ನೋಡಬೇಕು. ಹತ್ತು ಸೆಕೆಂಡಿನಲ್ಲಿ ಕಣ್ಣು ತಿಳಿಯಾಗಿ ಮಾತಾಡಿದರೆ ಸರಿ. ಮತ್ತೆ ಮತ್ತೆ ತೂಗಿದರೆ 4 ಅಂಕ. ಹೊಸ ಡಾಕ್ಟರುಗಳಿಗೆ ಇದೇ ಕಷ್ಟ, ಮಲಗಿರುವ ಅಜ್ಜಿಯನ್ನು ಎಬ್ಬಿಸುವುದು ಅಮಾನವೀಯ ಎನ್ನಿಸುತ್ತದೆ ಅವರಿಗೆ. ಎಬ್ಬಿಸಿ ಎಂದು ನಾನು ಗದರುತ್ತೇನೆ. ಎರಡನೆಯದು ವಯಸ್ಸು, ಜನ್ಮ ದಿನಾಂಕ, ಎಲ್ಲಿದ್ದೀರಿ, ಇದು ಯಾವ ವರ್ಷ ಎಂಬ ಪ್ರಶ್ನೆಗಳು. ಮೂರನೆಯದು ಡಿಸೆಂಬರಿನಿಂದ ಹಿಂದಕ್ಕೆ ತಿಂಗಳುಗಳ ಹೆಸರು ಹೇಳುವುದು. ಕಡೆಯದು: ಕಳೆದ ಎರಡು ವಾರಗಳಲ್ಲಿ ಇವರಲ್ಲಿ ಹಠಾತ್ತಾಗಿ ಏನಾದರೂ ಬದಲಾವಣೆ ಆಗಿದೆಯೇ, ಅದು ಕಳೆದ 24 ಗಂಟೆಯಲ್ಲೂ ಇದೆಯೇ? ಹೌದಾದರೆ 4 ಅಂಕ. ಒಟ್ಟು 4 ಅಥವಾ ಹೆಚ್ಚು ಬಂದರೆ ಸನ್ನಿ ಇರುವ ಸಾಧ್ಯತೆ ಇದೆ ಎಂದು ಲೆಕ್ಕ.

ಈಗ ಗಮನಿಸಿ. ಕಡೆಯ ಪ್ರಶ್ನೆಗೆ ರೋಗಿಯನ್ನು ಕೇಳಿ ಉತ್ತರ ಪಡೆಯಲು ಆಗುವುದಿಲ್ಲ. ಅದಕ್ಕೆ ಉತ್ತರ ಕೊಡಬಲ್ಲವರು ಮನೆಯವರು. ಉಳಿದದ್ದರಲ್ಲಿ ಏನೂ ಸಿಗದೆ ಹೋದರೂ, ನಮ್ಮಮ್ಮ ಮೊನ್ನೆಯವರೆಗೆ ಹೀಗಿರಲಿಲ್ಲ ಎಂಬ ನಿಮ್ಮ ಒಂದು ಮಾತಿಗೇ 4 ಅಂಕ. ನನ್ನ ಪಾಠದ ಅರ್ಧ ಪಾಲು ನಿಮ್ಮದು ಎಂದದ್ದು ಇದಕ್ಕೇ.

ನಮ್ಮವರ ವಿಷಯದಲ್ಲಿ ಇದು ಇನ್ನೂ ಮುಖ್ಯ. ಈ ಪರೀಕ್ಷೆಗಳೆಲ್ಲ ಇಂಗ್ಲಿಷಿನಲ್ಲಿ ಹುಟ್ಟಿದವು. ಜನ್ಮ ದಿನಾಂಕವನ್ನೇ ತೆಗೆದುಕೊಳ್ಳಿ. ನಮ್ಮ ಎಷ್ಟೋ ಹಿರಿಯರ ಪಾಸ್‌ಪೋರ್ಟಿನಲ್ಲಿರುವುದು ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ತಾರೀಖು. ನಿಜವಾಗಿ ಹುಟ್ಟಿದ್ದು ಯಾವಾಗ ಎಂದರೆ ಯುಗಾದಿ ಆಗಿ ಎಂಟು ದಿನಕ್ಕೆ ಎಂಬ ಉತ್ತರ ಬರುತ್ತದೆ. ಇದು ಸನ್ನಿಯಲ್ಲ, ಸತ್ಯ! ಪಾಪ, ಆ ಡಾಕ್ಟರ್ ಹುಡುಗಿ ಅದನ್ನು ತಪ್ಪು ಎಂದು ಬರೆದುಕೊಳ್ಳುತ್ತಾಳೆ. ಡಿಸೆಂಬರ್, ನವೆಂಬರ್ ಎಂದು ಹಿಂದಕ್ಕೆ ಹೇಳಲು ಶಾಲೆಗೆ ಹೋಗದ ಅಜ್ಜಿಗೆ ಚೆನ್ನಾಗಿದ್ದಾಗಲೂ ಆಗಲಾರದು. ಅಂಥವರಿಗೆ ನಾನು ಶನಿವಾರದಿಂದ ಹಿಂದಕ್ಕೆ ವಾರಗಳನ್ನು ಹೇಳಿಸುತ್ತೇನೆ, ಇಲ್ಲವೇ ಇಪ್ಪತ್ತರಿಂದ ಹಿಂದಕ್ಕೆ ಎಣಿಸಲು ಹೇಳುತ್ತೇನೆ. ಪುಸ್ತಕದ ಪ್ರಕಾರ ಇದಕ್ಕೆ ಅಂಕವಿಲ್ಲ, ಆದರೆ ಮನಸ್ಸು ಸಾಲಿನಲ್ಲಿ ನಿಲ್ಲುತ್ತಿದೆಯೋ ಇಲ್ಲವೋ ತಿಳಿಯುತ್ತದೆ.

ಮೂವತ್ತು ನಲವತ್ತು ವರ್ಷ ಇಲ್ಲೇ ಇಂಗ್ಲಿಷಿನಲ್ಲಿ ಕೆಲಸ ಮಾಡಿದವರೂ ಸನ್ನಿ ಬಂದಾಗ ಕನ್ನಡಕ್ಕೆ ಮರಳುವುದುಂಟು. ವಾರ್ಡಿನವರು ಅದನ್ನು ಇಂಗ್ಲಿಷ್ ಬರುವುದಿಲ್ಲ ಎಂದು ಬರೆದುಬಿಡುತ್ತಾರೆ. ಆಮೇಲೆ ಎಲ್ಲ ಗೊಂದಲವೂ ಭಾಷೆಯ ತೊಂದರೆ ಎಂಬ ಚೀಲಕ್ಕೆ ಬೀಳುತ್ತದೆ. ನಿಮ್ಮ ತಂದೆ ಇಲ್ಲಿ ಬ್ಯಾಂಕಿನಲ್ಲಿ ಇದ್ದವರು, ನಿತ್ಯ ಇಂಗ್ಲಿಷ್ ಪತ್ರಿಕೆ ಓದುವವರು ಎಂಬುದನ್ನು ನೀವು ಹೇಳದಿದ್ದರೆ ಅವರಿಗೆ ತಿಳಿಯುವುದು ಹೇಗೆ?

ಇನ್ನೊಂದು ಸೂಕ್ಷ್ಮ. ಮಗನೋ ಸೊಸೆಯೋ ಪಕ್ಕದಲ್ಲಿ ನಿಂತು ಅನುವಾದ ಮಾಡುವಾಗ ಉತ್ತರವನ್ನು ತಿದ್ದಿ ಹೇಳುತ್ತಾರೆ. ಇದನ್ನು ನೂರು ಸಲ ನೋಡಿದ್ದೇನೆ. ಎಲ್ಲಿದ್ದೀರಿ ಎಂದರೆ ಅಮ್ಮ, ಕೊಟ್ಟಿಗೆಯಲ್ಲಿ, ಕರು ಇನ್ನೂ ಬಂದಿಲ್ಲ, ಅನ್ನುತ್ತಾರೆ. ಮಗ ಡಾಕ್ಟರಿಗೆ, ಆಸ್ಪತ್ರೆಯಲ್ಲಿ ಎನ್ನುತ್ತಿದ್ದಾರೆ, ಸ್ವಲ್ಪ ದಣಿದಿದ್ದಾರೆ, ಅನ್ನುತ್ತಾನೆ. ತಾಯಿಯ ಮರ್ಯಾದೆ ಉಳಿಸುವ ಆಸೆ, ಅದು ಅರ್ಥವಾಗುತ್ತದೆ. ಆದರೆ ಆ ಕರುವಿನ ಮಾತಿನಲ್ಲೇ ರೋಗ ಇರುವುದು. ಬಂದದ್ದನ್ನು ಬಂದ ಹಾಗೆ ಹೇಳಿಬಿಡಿ. ಮನೆಯವರು ಬಂದಾಗಲೂ ಒಮ್ಮೆ ಫೋನಿನ ಮೂಲಕ ದುಭಾಷಿಯನ್ನು ಕರೆಸಿ ಎಂದು ನನ್ನ ಹುಡುಗರಿಗೆ ಹೇಳುವುದು ಇದೇ ಕಾರಣಕ್ಕೆ.

ಕೆಲವು ವರ್ಷಗಳ ಹಿಂದೆ ಒಬ್ಬ ಅಜ್ಜಿ ನಮ್ಮ ವಾರ್ಡಿಗೆ ಬಂದರು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಹೇಳುತ್ತಿದ್ದೇನೆ. ಎಂಬತ್ತು ದಾಟಿದವರು, ಮೊಮ್ಮಗಳ ಬಾಣಂತನಕ್ಕೆಂದು ಊರಿನಿಂದ ಬಂದು ಮೆಟ್ಟಿಲಿನಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದರು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಗಿತ್ತು. ಎರಡನೆಯ ದಿನ ನರ್ಸ್ ಬರೆದದ್ದು ಶಾಂತವಾಗಿದ್ದಾರೆ, ಭಾಷೆಯ ತೊಂದರೆ ಇದೆ, ಎಂದು. ಆ ದಿನ ಸರದಿಯಲ್ಲಿದ್ದವಳು ಸ್ಕಾಟ್ಲೆಂಡಿನ ಒಬ್ಬ ಹೊಸ ಡಾಕ್ಟರ್, ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಅವಳು ಮಾಡಿದ್ದು ಇಷ್ಟೇ: ಮಗನಿಗೆ ಫೋನ್ ಮಾಡಿ, ನಿಮ್ಮ ತಾಯಿ ದಿನವೂ ಹೀಗೆಯೇ ಇರುತ್ತಾರಾ ಎಂದು ಕೇಳಿದಳು. ಆತ ನಕ್ಕುಬಿಟ್ಟನಂತೆ. ಅಮ್ಮ ಸುಮ್ಮನೆ ಮಲಗುವುದೇ? ಅವರು ಬಾಯಿ ಮುಚ್ಚಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ!

ಅಲ್ಲಿಂದ ಮುಂದಿನದು ಪತ್ತೇದಾರಿ ಕೆಲಸ. ಅದಕ್ಕೆ ಇಲ್ಲಿನವರು ಪಿಂಚ್ ಮಿ, ಅಂದರೆ ನನ್ನನ್ನು ಚಿವುಟು, ಎಂಬ ನೆನಪಿನ ಸೂತ್ರ ಇಟ್ಟುಕೊಂಡಿದ್ದಾರೆ. ಆ ಅಕ್ಷರಗಳ ಹಿಂದೆ ನೋವು, ಸೋಂಕು, ಮಲಬದ್ಧತೆ, ನೀರಿನ ಕೊರತೆ, ಔಷಧಿ, ಸುತ್ತಲಿನ ಪರಿಸರ ಇವೆ. ಈ ಅಜ್ಜಿಗೆ ನೋವಿಗಾಗಿ ಕೋಡೀನ್ ಕೊಟ್ಟಿತ್ತು, ಅದರಿಂದ ಐದು ದಿನದಿಂದ ಮಲವಿಸರ್ಜನೆ ಇಲ್ಲ. ಹೊಟ್ಟೆಯ ಮೇಲೆ ಸ್ಕ್ಯಾನರ್ ಇಟ್ಟು ನೋಡಿದರೆ ಮೂತ್ರಕೋಶದಲ್ಲಿ ಒಂದು ಲೀಟರಿನಷ್ಟು ಮೂತ್ರ ಕಟ್ಟಿಕೊಂಡಿತ್ತು. ಕಿವಿಯ ಯಂತ್ರ ಡ್ರಾಯರಿನಲ್ಲಿ, ಕನ್ನಡಕ ಮನೆಯಲ್ಲಿ. ತಟ್ಟೆಯಲ್ಲಿ ಏನಿದೆ ಎಂದು ತಿಳಿಯದೆ, ಮಾಂಸವಿರಬಹುದೆಂಬ ಅನುಮಾನದಿಂದ ಊಟ ಮುಟ್ಟಿರಲಿಲ್ಲ, ನೀರೂ ಹೆಚ್ಚು ಕುಡಿದಿರಲಿಲ್ಲ. ಒಂದೊಂದೂ ಸಣ್ಣದೇ. ಎಂಬತ್ತರ ಮೆದುಳಿಗೆ ಎಲ್ಲ ಸೇರಿ ಬಿದ್ದರೆ ಸಾಕು.

ಇಲ್ಲಿ ಒಂದು ಮಾತು ಸೇರಿಸಬೇಕು. ವೃದ್ಧರಲ್ಲಿ ಗೊಂದಲ ಕಂಡೊಡನೆ ಮೂತ್ರದ ಸೋಂಕು ಎಂದು ಬರೆದು ಆಂಟಿಬಯಾಟಿಕ್ ಕೊಟ್ಟು ಕೈತೊಳೆದುಕೊಳ್ಳುವ ಚಟ ಎಲ್ಲೆಡೆಯೂ ಇದೆ. ವಯಸ್ಸಾದವರ ಮೂತ್ರದಲ್ಲಿ ಯಾವ ರೋಗವಿಲ್ಲದಿದ್ದರೂ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. 65 ದಾಟಿದವರಲ್ಲಿ ಮೂತ್ರದ ಪಟ್ಟಿ ಪರೀಕ್ಷೆಯನ್ನು ನಂಬಿ ತೀರ್ಮಾನಿಸಬೇಡಿ ಎಂದು ಇಂಗ್ಲೆಂಡಿನ ಸೂಚನೆಗಳೇ ಹೇಳುತ್ತವೆ. ಆ ಹಣೆಪಟ್ಟಿ ಬಿದ್ದ ಮೇಲೆ ನಿಜವಾದ ಕಾರಣವನ್ನು ಯಾರೂ ಹುಡುಕುವುದಿಲ್ಲ.

ಔಷಧಿಯ ವಿಷಯದಲ್ಲಿ ನಮ್ಮವರದೇ ಒಂದು ವಿಶೇಷ ಇದೆ: ಊರಿನಿಂದ ತಂದ ಮಾತ್ರೆಗಳ ಡಬ್ಬಿ. ಅದರಲ್ಲಿ ಬಿಪಿ ಮಾತ್ರೆ, ಸಕ್ಕರೆ ಮಾತ್ರೆಗಳ ಜೊತೆಗೆ ನಿದ್ದೆಗೆಂದು ದಿನಾ ಅರ್ಧ ಆಲ್ಪ್ರಜೋಲಮ್ ಇರುತ್ತದೆ. ಹತ್ತು ವರ್ಷದಿಂದ ತೆಗೆದುಕೊಳ್ಳುತ್ತಿರುವುದರಿಂದ ಅದು ಔಷಧಿ ಎಂದೇ ಯಾರಿಗೂ ಅನ್ನಿಸುವುದಿಲ್ಲ, ಪಟ್ಟಿಯಲ್ಲಿ ಹೇಳುವುದಿಲ್ಲ. ಆಸ್ಪತ್ರೆ ಸೇರಿದಾಗ ಅದು ದಿಢೀರನೆ ನಿಲ್ಲುತ್ತದೆ. ಕೆಲವು ದಿನಗಳಲ್ಲಿ ಕೈ ನಡುಕ, ಬೆವರು, ಸನ್ನಿ. ಸಂಜೆಯ ಎರಡು ಪೆಗ್ಗಿನದೂ ಇದೇ ಕಥೆ. ಅಪ್ಪ ಕುಡಿಯುವುದನ್ನು ಬಿಳಿಯ ಡಾಕ್ಟರ ಮುಂದೆ ಹೇಳುವುದು ಹೇಗೆ ಎಂಬ ಸಂಕೋಚಕ್ಕೆ ಅಪ್ಪನೇ ಬೆಲೆ ತೆರುತ್ತಾರೆ. ಡಬ್ಬಿಯನ್ನು ಇದ್ದ ಹಾಗೆಯೇ ತಂದು ಮೇಜಿನ ಮೇಲೆ ಸುರಿಯಿರಿ, ನಾಟಿ ಔಷಧಿಯೂ ಸೇರಿ. ಮೂತ್ರಕ್ಕೆ ಪದೇ ಪದೇ ಹೋಗುವುದನ್ನು ತಡೆಯಲು ಕೊಡುವ ಆಕ್ಸಿಬ್ಯುಟಿನಿನ್, ನೋವಿಗೂ ನಿದ್ದೆಗೂ ಕೊಡುವ ಅಮಿಟ್ರಿಪ್ಟಿಲಿನ್, ಶೀತಕ್ಕೆ ತೆಗೆದುಕೊಳ್ಳುವ ಪಿರಿಟಾನ್ ಇವೂ ವೃದ್ಧರಲ್ಲಿ ಸನ್ನಿ ತರಬಲ್ಲವು. ಆದರೆ ಇದನ್ನು ಓದಿ ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ, ಕೇಳಿ ನಿಲ್ಲಿಸಿ.

ಸನ್ನಿಗೆ ಮಾತ್ರೆ ಏನು ಎಂದು ಎಲ್ಲರೂ ಕೇಳುತ್ತಾರೆ. ಸನ್ನಿಗೆಂದೇ ಮಾತ್ರೆ ಇಲ್ಲ. ಕಾರಣ ಹುಡುಕಿ ಸರಿಪಡಿಸುವುದೇ ಚಿಕಿತ್ಸೆ. ರೋಗಿ ತೀರಾ ಸಂಕಟದಲ್ಲಿದ್ದು, ಸಮಾಧಾನದ ಮಾತುಗಳಿಂದ ಆಗದೆ, ಅವರಿಗೋ ಪಕ್ಕದವರಿಗೋ ಅಪಾಯವಿದ್ದರೆ ಮಾತ್ರ ಹಾಲೋಪೆರಿಡಾಲ್ ಅನ್ನು ಚಿಕ್ಕ ಪ್ರಮಾಣದಲ್ಲಿ ಕೆಲವೇ ದಿನ ಕೊಡುವುದುಂಟು. ಪಾರ್ಕಿನ್ಸನ್ ಕಾಯಿಲೆ ಇದ್ದವರಿಗೆ ಅದು ವರ್ಜ್ಯ. ರಾತ್ರಿ ಎರಡು ಗಂಟೆಗೆ ಒಬ್ಬಂಟಿಯಾಗಿರುವ ಹೊಸ ಡಾಕ್ಟರಿಗೆ ಇಂಜೆಕ್ಷನ್ ಕೊಟ್ಟು ಮಲಗಿಸುವ ಆಸೆ ಬರುವುದು ಸಹಜ. ಅದಕ್ಕೆ ಮೊದಲು ಹತ್ತು ನಿಮಿಷ ಪಕ್ಕದಲ್ಲಿ ಕುರ್ಚಿ ಹಾಕಿ ಕೂತು ನೋಡಿ ಅನ್ನುತ್ತೇನೆ.

ತಡೆಗಟ್ಟುವ ಮಾತು ಬಂದರೆ, ಶಾರನ್ ಇನೂಯೆ ಅವರೇ ಅಮೆರಿಕದ ಯೇಲ್‌ನಲ್ಲಿ ನಡೆಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಬಹಳ ಪ್ರಿಯ. ಎಪ್ಪತ್ತು ದಾಟಿದ 852 ರೋಗಿಗಳು. ಮಾಮೂಲಿ ಆರೈಕೆಯಲ್ಲಿ ನೂರಕ್ಕೆ 15 ಮಂದಿಗೆ ಸನ್ನಿ ಬಂತು, ವಿಶೇಷ ಆರೈಕೆಯಲ್ಲಿ ಹತ್ತಕ್ಕೂ ತುಸು ಕಡಿಮೆ ಮಂದಿಗೆ. ವಿಶೇಷ ಆರೈಕೆ ಎಂದರೇನು ಗೊತ್ತೇ? ಕನ್ನಡಕ ಹಾಕುವುದು, ಕಿವಿಯ ಯಂತ್ರ ಕೊಡುವುದು, ನೀರು ಕುಡಿಸುವುದು, ಎಬ್ಬಿಸಿ ನಡೆಸುವುದು, ಇಂದು ಯಾವ ವಾರ ಎಂದು ಮಾತಾಡಿಸುವುದು, ರಾತ್ರಿ ನಿದ್ದೆ ಮಾತ್ರೆಯ ಬದಲು ಬಿಸಿ ಹಾಲು ಕೊಟ್ಟು ಬೆನ್ನು ನೀವುವುದು. ಇದರಲ್ಲಿ ಬಹಳಷ್ಟನ್ನು ಮಾಡಿದವರು ತರಬೇತಿ ಪಡೆದ ಸ್ವಯಂಸೇವಕರು. ನಮ್ಮ ಮನೆಗಳಲ್ಲಿ ಯಾರೂ ಕಲಿಸದೆ ಮಾಡುವ ಕೆಲಸ ಇದು. ಆಸ್ಪತ್ರೆಗೆ ಬಂದಾಗ ಮಾತ್ರ, ಡಾಕ್ಟರುಗಳಿದ್ದಾರಲ್ಲ ಎಂದು ದೂರ ನಿಲ್ಲುತ್ತೇವೆ.

ಇಲ್ಲಿ ದೂರ ನಿಲ್ಲಬೇಕಾಗಿಲ್ಲ. 2014ರಲ್ಲಿ ನಿಕ್ಕಿ ಜೆರಾರ್ಡ್ ಮತ್ತು ಜೂಲಿಯಾ ಜೋನ್ಸ್ ಶುರುಮಾಡಿದ ಜಾನ್ಸ್ ಕ್ಯಾಂಪೇನ್ ಎಂಬ ಚಳವಳಿಯಿಂದಾಗಿ, ಮರೆವು ಇರುವ ರೋಗಿಗಳ ಜೊತೆ ಮನೆಯವರು ಭೇಟಿಯ ಹೊತ್ತು ಮೀರಿಯೂ ಇರಲು ಅನೇಕ ಆಸ್ಪತ್ರೆಗಳು ಒಪ್ಪಿಕೊಂಡಿವೆ. ನಿಕ್ಕಿಯವರ ತಂದೆ ಜಾನ್ ಸ್ವತಃ ಡಾಕ್ಟರ್. ಅವರು ಆಸ್ಪತ್ರೆಯಲ್ಲಿ ಮನೆಯವರಿಂದ ದೂರವಾಗಿ ಕಳೆದ ವಾರಗಳೇ ಆ ಚಳವಳಿಗೆ ಕಾರಣ. ವಾರ್ಡ್ ಸಿಸ್ಟರನ್ನು ಕೇಳಿ. ಕೇಳಿದವರಿಗೆ ಸಿಗುತ್ತದೆ, ಸುಮ್ಮನೆ ಹೊರಗೆ ಕೂತವರಿಗೆ ಸಿಗುವುದಿಲ್ಲ.

ಅಜ್ಜಿಯ ಕಥೆ ಅರ್ಧಕ್ಕೆ ನಿಂತಿತು. ಮೂತ್ರ ಹೊರಹೋಗಿ, ಕೋಡೀನ್ ನಿಂತು, ಹೊಟ್ಟೆ ಸಡಿಲವಾಗಿ, ಸೊಸೆ ಮನೆಯಿಂದ ತಂದ ಗಂಜಿ ಒಳಗೆ ಹೋಗಿ, ನಾಲ್ಕನೆಯ ದಿನಕ್ಕೆ ಮಾತು ಶುರುವಾಯಿತು. ಪೂರ್ತಿ ಸರಿಹೋಗಲು ಮೂರು ವಾರವೇ ಬೇಕಾಯಿತು. ಕೆಲವರಿಗೆ ತಿಂಗಳುಗಳು ಬೇಕಾಗುತ್ತವೆ, ಕೆಲವರು ಮೊದಲಿನಂತೆ ಆಗುವುದೂ ಇಲ್ಲ. ಒಮ್ಮೆ ಸನ್ನಿ ಬಂದವರಿಗೆ ಮುಂದೆ ಮರೆವಿನ ಕಾಯಿಲೆ ಬರುವ ಸಾಧ್ಯತೆ ಹೆಚ್ಚು, ಆದ್ದರಿಂದ ಮನೆಗೆ ಹೋದ ಮೇಲೆ ಜಿಪಿಗೆ ತಿಳಿಸಿ ಮತ್ತೆ ತೋರಿಸಬೇಕು.

ಮನೆಗೆ ಹೊರಡುವ ಹಿಂದಿನ ಸಂಜೆ ಅಜ್ಜಿ ಮುಖ ತಿರುಗಿಸಿಕೊಂಡು ಕೂತಿದ್ದರು. ನಾನು ಕನ್ನಡದಲ್ಲಿ ಕೇಳಿದಾಗ ಮೆಲ್ಲಗೆ ಹೇಳಿದರು: ಆ ರಾತ್ರಿಗಳಲ್ಲಿ ಸತ್ತುಹೋದ ತಂಗಿ ಬಂದು ಮಂಚದ ಕಾಲಬಳಿ ಕೂತಿದ್ದಳಂತೆ, ಮಳೆ ಒಳಗೇ ಸುರಿಯುತ್ತಿತ್ತಂತೆ. ನನಗೆ ಹುಚ್ಚು ಹಿಡಿಯಿತೇನಪ್ಪಾ, ಮಕ್ಕಳ ಮುಂದೆ ಏನಾದರೂ ಕೆಟ್ಟ ಮಾತು ಆಡಿದೆನಾ? ಇಷ್ಟು ದಿನ ಅದನ್ನು ಒಳಗೇ ಇಟ್ಟುಕೊಂಡು ಹೆದರಿದ್ದರು. ಸನ್ನಿಯಲ್ಲಿ ಕಂಡದ್ದನ್ನು ಅನೇಕರು ನೆನಪಿಟ್ಟುಕೊಂಡಿರುತ್ತಾರೆ, ನಾಚಿಕೆಯಿಂದ ಹೇಳುವುದಿಲ್ಲ. ನಾನು ಆ ಸ್ಕಾಟ್ಲೆಂಡಿನ ಹುಡುಗಿಯನ್ನು ಕರೆದು ಪಕ್ಕದಲ್ಲಿ ಕೂರಿಸಿದೆ. ಅವಳು ನಿಧಾನವಾಗಿ ವಿವರಿಸಿದಳು, ನಾನು ಅನುವಾದಿಸಿದೆ: ಇದು ಹುಚ್ಚಲ್ಲ, ಅರಳು ಮರಳೂ ಅಲ್ಲ, ಮೈಗೆ ಕಾಯಿಲೆ ಆದಾಗ ಮೆದುಳಿಗೂ ಆಗುತ್ತದೆ, ಈಗ ಕಳೆದಿದೆ. ಸನ್ನಿ ಎಂಬ ಮಾತು ಬಂದಾಗ ಅಜ್ಜಿ ತಲೆ ಎತ್ತಿದರು. ಓ, ಸನ್ನಿಯಾ, ಹಾಗನ್ನಬಾರದಾ ಮೊದಲೇ, ನಮ್ಮ ಮಾವನಿಗೂ ಬಂದಿತ್ತು ಎಂದು ಶುರುಮಾಡಿದವರು ಮುಕ್ಕಾಲು ಗಂಟೆ ಮಾವನ ಕಥೆ ಹೇಳಿದರು. ಹುಡುಗಿಗೆ ಒಂದಕ್ಷರ ಅರ್ಥವಾಗದಿದ್ದರೂ ಕೂತೇ ಇದ್ದಳು. ನನ್ನ ಬ್ಲೀಪ್ ಎರಡು ಸಲ ಹೊಡೆದುಕೊಂಡಿತು.